ತ್ರಿವಿಧಿಯಲ್ಲಿ ಗಣ, ಪ್ರಾಸ ಮತ್ತು ಪುನರುಕ್ತಿ

ವಚನವಾಙ್ಮಯವು ಛಂದಸ್ಸಿನ ಕಟ್ಟಿಗೆ ಒಳಗಾಗದೆ ಬೆಳೆದುದೆಂಬುದು ಸರ್ವವಿದಿತವಾದ ಸಂಗತಿ. ತಾಳದ ಲೆಕ್ಕವಾಗಲಿ ಗಣಗಳ ಭೇದವಾಗಲಿ ತಮಗೆ ತಿಳಿಯದೆಂದೂ, ಮನಸ್ಸು ಒಪ್ಪಿದ ರೀತಿಯಲ್ಲಿ ತಾವು ಹಾಡುವುದಾಗಿಯೂ ಬಸವಣ್ಣನವರೇ ಒಂದು ವಚನದಲ್ಲಿ ನಿವೇದಿಸಿಕೊಂಡಿದ್ದಾರೆ. ಆದರೆ ಅದೇ ಶರಣಪರಂಪರೆಯಲ್ಲಿ ಗಣನಿಯಮಕ್ಕೆ ಒಳಪಟ್ಟ ಕೃತಿಗಳೂ ಹುಟ್ಟಿದುವು. ಅಕ್ಕಮಹಾದೇವಿಯವರ ಹೆಸರಿನಲ್ಲಿ ಪ್ರಸಿದ್ಧವಾದ ‘ಯೋಗಾಂಗ ತ್ರಿವಿಧಿ’ ಅರುವತ್ತೇಳು ತ್ರಿಪದಿಗಳ ಕೃತಿ. ಸಿದ್ಧರಾಮೇಶ್ವರರು ‘ಬಸವಸ್ತೋತ್ರ ತ್ರಿವಿಧಿ’ಯೇ ಮೊದಲಾದ ತ್ರಿವಿಧಿಗಳನ್ನು ರಚಿಸಿದರು. ಅನಂತರದ ಕಾಲದಲ್ಲಿ ನಿಜಗುಣ ಶಿವಯೋಗಿಗಳು ‘ಅನುಭವಸಾರ’ವೆಂಬ ತತ್ತ್ವಗ್ರಂಥಕ್ಕೆ ತ್ರಿಪದಿಯನ್ನೇ ಆರಿಸಿಕೊಂಡರು. ತ್ರಿವಿಧಿಯೆಂಬುದು ತ್ರಿಪದಿಗೆ ಶಿವಶರಣರಲ್ಲಿ ರೂಢಿಯಾದ ಹೆಸರು.

ಗಣಗಳ ಲೆಕ್ಕವನ್ನು ಬದಿಗಿರಿಸಿದ ಪರಂಪರೆಯು ಈ ಒಂದು ಗಣಬದ್ಧ ಪದ್ಯಜಾತಿಯನ್ನು ಮಾತ್ರ ಇಷ್ಟು ಪ್ರೀತಿಯಿಂದ ಕೈಹಿಡಿದುದೇಕೆ? ಕಂದವೃತ್ತಗಳು ಪಂಡಿತರ ಸ್ವತ್ತಾಗಿದ್ದುವು, ತ್ರಿಪದಿಯು ದೇಶೀಯವಾಗಿತ್ತು ಎಂಬ ಉತ್ತರವು ಸರಿಯಾದುದೇ. ಆದರೆ ಅಷ್ಟು ಮಾತ್ರ ಸಾಲದು. ತ್ರಿಪದಿಯ ಗಣ, ಪ್ರಾಸ, ಪುನರುಕ್ತಿ ಈ ಮೂರೂ ಸೇರಿ ಮಾಡುವ ಕೆಲಸವೊಂದಿದೆ. ಆ ಕೆಲಸವು ಕಾಗದದ ಮೇಲೆ ಅರ್ಧ ಮಾತ್ರ ಕಾಣುವುದು. ಉಳಿದರ್ಧವು ಹಾಡಿದಾಗಲೇ ಕಿವಿಗೆ ಬೀಳುವುದು. ಹಾಡುವ ವಾಡಿಕೆ ಕ್ಷೀಣಿಸಿರುವ ಈ ಕಾಲದಲ್ಲಿ ಆ ಮರೆಯಾದ ಅರ್ಧವನ್ನು ತಿಳಿಯದೆ ತ್ರಿವಿಧಿಗಳ ಪಾಠವನ್ನು ತಿದ್ದಹೊರಟರೆ ನಿರ್ದುಷ್ಟವಾದ ಪದ್ಯಗಳೇ ಕೆಡುವ ಅಪಾಯವುಂಟು. ಆದಕಾರಣ ಈ ವಿಚಾರವನ್ನು ಕ್ರಮವಾಗಿ ಪರಿಶೀಲಿಸುವುದು ಅವಶ್ಯಕ.

೧. ಗಣವಿಚಾರ

ತ್ರಿಪದಿಯು ಕನ್ನಡದ ಅತಿ ಪ್ರಾಚೀನ ಪದ್ಯಜಾತಿಗಳಲ್ಲೊಂದು. ಬಾದಾಮಿಯ ಬಂಡೆಯ ಮೇಲಿರುವ, ಸುಮಾರು ಕ್ರಿ. ಶ. ೭೦೦ರ ಕಪ್ಪೆ ಅರಭಟ್ಟನ ಶಾಸನದಲ್ಲಿ ಅದರ ಪೂರ್ಣವಿಕಸಿತ ರೂಪವು ದೊರೆಯುತ್ತದೆ. ಹತ್ತನೆಯ ಶತಮಾನದ ಕೊನೆಯ ನಾಗವರ್ಮನು ‘ಛಂದೋಂಬುಧಿ’ಯಲ್ಲಿ ಕನ್ನಡದ ಜಾತಿಗಳನ್ನು ಹೇಳುವಾಗ ಇದರ ಲಕ್ಷಣವನ್ನು ಕೊಟ್ಟಿದ್ದಾನೆ. ಆ ಗ್ರಂಥವನ್ನು ರೆವರೆಂಡ್ ಕಿಟ್ಟೆಲ್ ಅವರು ೧೮೭೫ರಲ್ಲಿ ಮುದ್ರಿಸಿ ಪ್ರಕಟಿಸಿದ ಮೇಲೆ ವಿದ್ವಾಂಸರ ಗಮನವು ಈ ಕಡೆಗೆ ವಿಶೇಷವಾಗಿ ಹರಿಯಿತು.

ಲಕ್ಷಣವು ಸರಳವಾದುದು. ತ್ರಿಪದಿಗೆ ಮೂರು ಪಾದಗಳು, ಒಟ್ಟು ಹನ್ನೊಂದು ಗಣಗಳು. ಮೊದಲ ಪಾದದಲ್ಲಿ ನಾಲ್ಕು, ಎರಡನೆಯದರಲ್ಲಿ ನಾಲ್ಕು, ಮೂರನೆಯದರಲ್ಲಿ ಮೂರು. ಇವುಗಳಲ್ಲಿ ಆರನೆಯ ಮತ್ತು ಹತ್ತನೆಯ ಗಣಗಳು ಬ್ರಹ್ಮಗಣಗಳು. ಉಳಿದ ಒಂಬತ್ತೂ ವಿಷ್ಣುಗಣಗಳು. ಬ್ರಹ್ಮಗಣಕ್ಕೆ ಎರಡು ಅಂಶ, ವಿಷ್ಣುಗಣಕ್ಕೆ ಮೂರು ಅಂಶ. ಗಣದ ಮೊದಲ ಅಂಶವು ಒಂದು ಗುರುವಾಗಿರಬೇಕು ಇಲ್ಲವೆ ಎರಡು ಲಘುಗಳಾಗಿರಬೇಕು. ಮುಂದಿನ ಅಂಶಗಳು ಒಂದೊಂದು ಗುರುವೋ ಒಂದೊಂದು ಲಘುವೋ ಆಗಿರಬಹುದು. ಹೀಗೆ ಬ್ರಹ್ಮಗಣವು ನಾಲ್ಕು ರೂಪಗಳನ್ನೂ ವಿಷ್ಣುಗಣವು ಎಂಟು ರೂಪಗಳನ್ನೂ ತಾಳುವುದು.

ಈ ಲೆಕ್ಕದಲ್ಲಿ ಒಂದು ವಿಶೇಷವಿದೆ. ಮೂರು ಗುರುಗಳ ವಿಷ್ಣುಗಣಕ್ಕೆ ಆರು ಮಾತ್ರೆ. ನಾಲ್ಕು ಲಘುಗಳ ವಿಷ್ಣುಗಣಕ್ಕೆ ನಾಲ್ಕೇ ಮಾತ್ರೆ. ಎರಡೂ ಸಮಾನವೆನ್ನಲು ಕಾರಣವೇನು? ಹಾಡುವವರು ಕುಗ್ಗಿದ ಗಣವನ್ನು ಎಳೆದು, ಹಿಗ್ಗಿದ ಗಣವನ್ನು ಒತ್ತರಿಸಿ ಕಾಲವನ್ನು ಸರಿದೂಗಿಸುತ್ತಾರೆ. ಆದುದರಿಂದ ಅಂಶಗಣವೆಂಬುದು ಹಾಡಿನ ಲೆಕ್ಕವೇ ಹೊರತು ಓದಿನ ಲೆಕ್ಕವಲ್ಲ. ಕಾಲಕ್ರಮದಲ್ಲಿ ಓದುವ ಪದ್ಧತಿ ಬಲವಾದಂತೆ ಕವಿಗಳು ವಿಷ್ಣುಗಣಕ್ಕೆ ಐದು ಮಾತ್ರೆ, ಬ್ರಹ್ಮಗಣಕ್ಕೆ ಮೂರು ಮಾತ್ರೆ ಎಂದು ಸ್ಥಿರಪಡಿಸಿಕೊಂಡರು. ಆಗ ಮೊದಲ ಪಾದಕ್ಕೆ ಇಪ್ಪತ್ತು, ಎರಡನೆಯದಕ್ಕೆ ಹದಿನೆಂಟು, ಮೂರನೆಯದಕ್ಕೆ ಹದಿಮೂರು ಮಾತ್ರೆಗಳಾದುವು. ಅಂಶದಿಂದ ಮಾತ್ರೆಗೆ ಬಂದ ಈ ಪರಿವರ್ತನೆಯು ಕನ್ನಡ ಛಂದಸ್ಸಿನ ಚರಿತ್ರೆಯಲ್ಲಿ ಮುಖ್ಯವಾದ ಘಟ್ಟ.

ಈ ಎರಡು ಘಟ್ಟಗಳನ್ನು ಒಂದು ಊರ ಹೆಸರಿನಲ್ಲಿಯೇ ತೋರಿಸಬಹುದು. ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರವು ಅಲ್ಲಿಯವರ ನಿತ್ಯದ ಮಾತಿನಲ್ಲಿ ‘ಎಚ್. ಡಿ. ಪುರ’ವಾಗಿದೆ. ಆದರೆ ಹೆಸರನ್ನು ಪೂರ್ಣವಾಗಿ ಉಚ್ಚರಿಸಿದರೆ ಅದರಲ್ಲಿ ಎರಡು ಗಣಗಳು ಕೇಳಿಬರುತ್ತವೆ. ‘ಹೊರಕೆರೆ’ ಎಂಬಲ್ಲಿ ನಾಲ್ಕು ಲಘುಗಳು. ಇದು ಅಂಶದ ಲೆಕ್ಕದ ಶುದ್ಧ ವಿಷ್ಣುಗಣ, ಮಾತ್ರೆಯ ಲೆಕ್ಕದಲ್ಲಿ ಒಂದು ಕಡಿಮೆ. ‘ದೇವಪುರ’ ಎಂಬಲ್ಲಿ ಒಂದು ಗುರು, ಮೂರು ಲಘು. ಇದು ಮಾತ್ರೆಯ ಲೆಕ್ಕದಲ್ಲಿ ಸರಿಯಾಗಿ ಐದು, ಅಂಶದ ಎಂಟು ರೂಪಗಳಲ್ಲಿ ಮಾತ್ರ ಇದಕ್ಕೆ ಸ್ಥಾನವಿಲ್ಲ. ಹೆಸರಿನ ಪೂರ್ವಾರ್ಧವು ಹಳೆಯ ಪದ್ಧತಿಗೂ ಉತ್ತರಾರ್ಧವು ಹೊಸ ಪದ್ಧತಿಗೂ ಒಪ್ಪುತ್ತದೆ. ಊರಿನ ಹೆಸರನ್ನಿಟ್ಟವರು ಛಂದಸ್ಸನ್ನು ನೆನೆದಿರಲಾರರು. ಆದರೆ ಕನ್ನಡದ ಮಾತು ತಾನಾಗಿಯೇ ಇಂತಹ ಗಣಗಳಲ್ಲಿ ನಡೆಯುತ್ತದೆಂಬುದಕ್ಕೆ ಇದು ನಿದರ್ಶನ.

ಇನ್ನು ಲಕ್ಷಣವನ್ನು ಪೂರ್ಣಪದ್ಯದಲ್ಲಿ ಪರೀಕ್ಷಿಸಲು ಪ್ರಾಚೀನವಲ್ಲದ, ಈ ಉದ್ದೇಶಕ್ಕಾಗಿಯೇ ಕಟ್ಟಿದ ಒಂದು ಕಿರುಪದ್ಯವನ್ನು ತೆಗೆದುಕೊಳ್ಳಬಹುದು. ಕೆರೆಗಳ ಹೆಸರನ್ನೇ ಹೊತ್ತ ಊರುಗಳ ಸೀಮೆಗೆ ಒಪ್ಪುವಂತೆ ಅದರ ವಸ್ತುವೂ ಕೆರೆಯೇ:

ಕೆರೆತುಂಬಿ | ಹರಿವಾಗ | ಹೊರೆಯಿಳಿಸಿ | ಕುಳಿತವನು
ಮರೆತಾನೆ | ಕೆರೆಯ | ತೋಡಿದ | ಕೈಗಳನು
ಹರನಿಹನು | ಅಲ್ಲಿ | ಬೆವರಾಗಿ

ಕೆರೆ ತುಂಬಿ ಕೋಡಿ ಹರಿಯುವಾಗ ತಲೆಯ ಹೊರೆಯನ್ನು ಇಳಿಸಿ ಏರಿಯ ಮೇಲೆ ಕುಳಿತ ದಾರಿಗನು ಆ ಕೆರೆಯನ್ನು ತೋಡಿದ ಕೈಗಳನ್ನು ಮರೆಯುವನೆ? ಹರನು ಅಲ್ಲಿ ಬೆವರಿನ ರೂಪದಿಂದ ಇದ್ದಾನೆ. ಇದು ಪದ್ಯದ ತಾತ್ಪರ್ಯ.

ಗಣಗಳನ್ನು ನೋಡಿದರೆ ‘ಕೆರೆತುಂಬಿ’, ‘ಹರಿವಾಗ’, ‘ಮರೆತಾನೆ’, ‘ಬೆವರಾಗಿ’ ಇವು ಎರಡು ಲಘು, ಒಂದು ಗುರು, ಒಂದು ಲಘು. ಎರಡು ಪದ್ಧತಿಗಳಿಗೂ ಒಪ್ಪುವಂಥವು. ‘ಹೊರೆಯಿಳಿಸಿ’, ‘ಕುಳಿತವನು’, ‘ಹರನಿಹನು’ ಇವು ಐದೈದು ಲಘುಗಳು. ‘ಕೈಗಳನು’ ಒಂದು ಗುರು ಮತ್ತು ಮೂರು ಲಘು. ಈ ನಾಲ್ಕೂ ಮಾತ್ರಾಪದ್ಧತಿಯ ಗಣಗಳು. ಆರನೆಯ ಗಣವಾದ ‘ಕೆರೆಯ’ ಮೂರು ಲಘು, ಹತ್ತನೆಯ ಗಣವಾದ ‘ಅಲ್ಲಿ’ ಒಂದು ಗುರು ಒಂದು ಲಘು, ಎರಡೂ ಬ್ರಹ್ಮಗಣಗಳು. ಏಳನೆಯದಾದ ‘ತೋಡಿದ’ ಮಾತ್ರ ವಿಚಾರಾರ್ಹ. ಅಂಶದ ಪ್ರಕಾರ ಅದು ಸರಿಯಾದ ವಿಷ್ಣುಗಣ. ಮಾತ್ರೆಯ ಪ್ರಕಾರ ನಾಲ್ಕೇ ಮಾತ್ರೆ. ಈ ಕೊರತೆಯ ವಿಚಾರವನ್ನು ಮುಂದೆ ನೋಡಬಹುದು.

ಆರು ಮತ್ತು ಹತ್ತನೆಯ ಎಡೆಗಳಲ್ಲಿ ಬರುವ ಚಿಕ್ಕ ಗಣದ ಪ್ರಯೋಜನವೇನು? ಐದು ವಿಷ್ಣುಗಣಗಳು ಒಂದೇ ನಡೆಯಲ್ಲಿ ಸಾಗಿಬಂದ ಮೇಲೆ ಆರನೆಯದು ತಟಕ್ಕನೆ ಮೊಟಕಾಗುತ್ತದೆ. ಸಮನಾಗಿ ಇಡುತ್ತಿದ್ದ ಹೆಜ್ಜೆಯು ಅಲ್ಲಿ ಒಮ್ಮೆ ತಡೆದು ಮುಂದಕ್ಕೆ ಹೋಗುತ್ತದೆ. ಕಿವಿಯು ಆ ಎಡೆಯಲ್ಲಿ ಎಚ್ಚರಗೊಳ್ಳುವುದರಿಂದ ಅಲ್ಲಿ ಬಂದ ಪದಕ್ಕೆ ತಾನಾಗಿ ಬಲ ಬರುತ್ತದೆ. ಮೇಲಿನ ಪದ್ಯದಲ್ಲಿ ಆ ಎರಡು ಎಡೆಗಳಲ್ಲಿರುವ ಪದಗಳು ‘ಕೆರೆಯ’ ಮತ್ತು ‘ಅಲ್ಲಿ’. ಅಂದರೆ ಹರನಿರುವ ತಾಣದ ಹೆಸರು ಮೊದಲನೆಯ ಬ್ರಹ್ಮಗಣದಲ್ಲಿಯೂ, ಅದನ್ನು ಬೆರಳಿಟ್ಟು ತೋರುವ ಮಾತು ಎರಡನೆಯ ಬ್ರಹ್ಮಗಣದಲ್ಲಿಯೂ ಕುಳಿತಿವೆ.

೨. ಪ್ರಾಸವಿಚಾರ

ಕನ್ನಡದ ಪ್ರಾಸವು ಪಾದದ ಕೊನೆಯಲ್ಲಿ ಇರುವಂಥದಲ್ಲ. ಪಾದದ ಎರಡನೆಯ ಅಕ್ಷರದ ವ್ಯಂಜನವು ಎಲ್ಲ ಪಾದಗಳಲ್ಲಿಯೂ ಒಂದೇ ಆಗಿರಬೇಕೆಂಬುದು ಆದಿಪ್ರಾಸದ ನಿಯಮ. ಅದರ ಹಿಂದಿನ ಅಕ್ಷರವು ಒಂದು ಪಾದದಲ್ಲಿ ಹ್ರಸ್ವವಾದರೆ ಎಲ್ಲ ಪಾದಗಳಲ್ಲಿಯೂ ಹ್ರಸ್ವವೇ ಆಗಬೇಕು. ಮೇಲಿನ ಪದ್ಯದಲ್ಲಿ ‘ಕೆರೆ’, ‘ಮರೆ’, ‘ಹರ’ ಎಂಬಲ್ಲಿ ರಕಾರವು ಪ್ರಾಸಾಕ್ಷರ. ಮೂರು ಪಾದಗಳ ಮೊದಲ ಅಕ್ಷರಗಳೂ ಲಘುಗಳು.

ಇಲ್ಲಿ ಸಂಪ್ರದಾಯಜ್ಞರು ಒಂದು ಆಕ್ಷೇಪವನ್ನು ಎತ್ತಬಹುದು. ಹಳಗನ್ನಡದಲ್ಲಿ ‘ಕೆಱೆ’, ‘ಮಱೆ’ ಎಂಬವು ಶಕಟರೇಫವುಳ್ಳ ಶಬ್ದಗಳು. ‘ಹರ’ ಎಂಬುದು ಸಾಮಾನ್ಯ ರೇಫವುಳ್ಳದ್ದು. ಪ್ರಾಚೀನ ಕವಿಗಳು ಇವನ್ನು ಒಂದೇ ಪ್ರಾಸದಲ್ಲಿ ಕೂಡಿಸುತ್ತಿರಲಿಲ್ಲ. ಉಚ್ಚಾರಣೆಯಲ್ಲಿ ಭೇದವಳಿದ ಮೇಲೆ ಪ್ರಾಸದಲ್ಲಿಯೂ ಭೇದವುಳಿಯಬೇಕೆಂಬುದು ಕೇವಲ ಕಣ್ಣಿನ ನಿಯಮವಾಗುತ್ತದೆ. ಹರಿಹರ ಕವಿಯು ‘ಗಿರಿಜಾಕಲ್ಯಾಣ’ದಲ್ಲಿ ಇಂತಹ ಅಕ್ಷರಭೇದಗಳ ದೋಷಗಣನೆಯನ್ನು ತಾನು ಲೆಕ್ಕಿಸುವುದಿಲ್ಲವೆಂದು ಧೈರ್ಯವಾಗಿ ಸಾರಿದನು. ಅವನ ನಿಲುವಿನ ಮರ್ಮವು ಇದೇ: ಪ್ರಾಸವು ಕಿವಿಗಾಗಿ ಇರುವುದು, ಕಿವಿಗೆ ಒಂದಾದುದನ್ನು ಶಾಸ್ತ್ರವು ಎರಡೆನ್ನಲಾಗದು.

ಆದಿಪ್ರಾಸದ ಜೊತೆಗೆ ತ್ರಿಪದಿಯಲ್ಲಿ ಒಳಪ್ರಾಸವೂ ಉಂಟು. ಮೊದಲ ಪಾದದ ಮೂರನೆಯ ಗಣದಲ್ಲಿ ಪ್ರಾಸಾಕ್ಷರವನ್ನು ಮರಳಿ ತರುವುದು ಸರ್ವಜ್ಞನ ಅನೇಕ ತ್ರಿಪದಿಗಳಲ್ಲಿಯೂ ಗರತಿಯರ ಹಾಡುಗಳಲ್ಲಿಯೂ ಕಾಣುವ ವಾಡಿಕೆ. ಇದರಿಂದ ಇಪ್ಪತ್ತು ಮಾತ್ರೆಯ ದೀರ್ಘಪಾದವು ನಡುವೆ ಇಬ್ಭಾಗವಾಗಿ ನೆನಪಿಗೆ ಸುಲಭವಾಗುತ್ತದೆ. ಪ್ರಕೃತ ಪದ್ಯದಲ್ಲಿ ‘ಕೆರೆತುಂಬಿ’ಗೆ ‘ಹೊರೆಯಿಳಿಸಿ’ ಹೀಗೆ ಜೋಡಿಯಾಗಿದೆ. ಕೆರೆ ತುಂಬುವುದು, ಹೊರೆ ಇಳಿಯುವುದು. ಒಂದು ಭರ್ತಿಯಾದರೆ ಇನ್ನೊಂದು ಬರಿದಾಗುವುದು. ವಿರುದ್ಧವಾದ ಎರಡು ಕ್ರಿಯೆಗಳನ್ನು ಪ್ರಾಸವು ಒಂದೇ ನೊಗಕ್ಕೆ ಹೂಡಿದೆ. ಎರಡನೆಯ ಪಾದದಲ್ಲಿಯೂ ‘ಮರೆತಾನೆ’ ಎಂಬುದಕ್ಕೆ ‘ಕೆರೆಯ’ ಎಂಬ ಒಳಪ್ರಾಸವು ಬ್ರಹ್ಮಗಣದಲ್ಲಿಯೇ ಬಿದ್ದಿರುವುದರಿಂದ ಆ ಚಿಕ್ಕ ಗಣವು ಇನ್ನಷ್ಟು ಎದ್ದು ಕೇಳುತ್ತದೆ. ಮೂರನೆಯ ಪಾದದಲ್ಲಿ ಆರಂಭದ ‘ಹರ’ವನ್ನುಳಿದು ಒಳಪ್ರಾಸವಿಲ್ಲ. ಇದು ಲೋಪವಲ್ಲ. ಕೊನೆಯ ಪಾದವು ಬಿಡುಗಡೆಯ ಪಾದ. ಕಟ್ಟು ಸಡಿಲವಾದಾಗಲೇ ಮಾತು ಮುಗಿಯಿತೆಂಬ ಭಾವವುಂಟಾಗುವುದು. ಗರತಿಯರ ಹಾಡುಗಳಲ್ಲಿ ಮೂರನೆಯ ಪಾದವು ಆದಿಪ್ರಾಸವನ್ನೂ ಬಿಟ್ಟುಕೊಡುವ ಸಂದರ್ಭಗಳಿರುವುದು ಇದೇ ಕಾರಣದಿಂದ.

೩. ಪುನರುಕ್ತಿವಿಚಾರ

ಪುನರುಕ್ತಿಯನ್ನು ಅಲಂಕಾರಶಾಸ್ತ್ರವು ಸಾಮಾನ್ಯವಾಗಿ ದೋಷವೆಂದು ಎಣಿಸುತ್ತದೆ. ತ್ರಿಪದಿಯ ವಿಷಯದಲ್ಲಿ ಮಾತ್ರ ಪುನರುಕ್ತಿಯು ಗುಣವಷ್ಟೇ ಅಲ್ಲ, ರಚನೆಯ ಅಂಗವೇ ಆಗಿದೆ. ಇಲ್ಲಿ ಅದು ಮೂರು ಬಗೆಯದು.

ಮೊದಲನೆಯದು ಪದದ ಪುನರುಕ್ತಿ. ಮೇಲಿನ ಪದ್ಯದಲ್ಲಿ ‘ಕೆರೆ’ ಎಂಬ ಪದವು ಎರಡು ಸಲ ಬಂದಿದೆ. ಮೊದಲ ಸಲ ಅದು ತುಂಬಿ ಹರಿಯುವ ನೀರು. ಎರಡನೆಯ ಸಲ ಅದೇ ಪದವು ಅಗೆದ ಮಣ್ಣು, ಹೊತ್ತ ಬುಟ್ಟಿ, ನೊಂದ ಕೈ. ಪದವು ಮರಳಿತು, ಅರ್ಥವು ಮುಂದುವರಿಯಿತು. ಇಂತಹ ಪುನರುಕ್ತಿಯು ಮಾತಿನ ದಾರಿದ್ರ್ಯದಿಂದ ಹುಟ್ಟಿದುದಲ್ಲ. ವಚನಗಳಲ್ಲಿಯೂ ಗಣನಿಯಮವಿಲ್ಲದಿದ್ದರೂ ಒಂದೇ ಬಗೆಯ ವಾಕ್ಯವು ಮತ್ತೆ ಮತ್ತೆ ಬಂದು, ಕೊನೆಗೆ ಮುರಿದು, ಅಂಕಿತದಲ್ಲಿ ನಿಲ್ಲುವ ಕ್ರಮವಿದೆ.

ಎರಡನೆಯದು ಅಂಕಿತದ ಪುನರುಕ್ತಿ. ಸರ್ವಜ್ಞನ ಬಹುತೇಕ ತ್ರಿಪದಿಗಳು ಅವನ ಹೆಸರಿನಿಂದಲೇ ಮುಗಿಯುತ್ತವೆ. ‘ಸರ್ವಜ್ಞ’ ಎಂಬ ಪದವು ಎರಡು ಗುರು, ಒಂದು ಲಘು. ಅಂಶದ ಲೆಕ್ಕದಲ್ಲಿ ಮೂರು, ಮಾತ್ರೆಯ ಲೆಕ್ಕದಲ್ಲಿ ಐದು. ಹನ್ನೊಂದನೆಯ ವಿಷ್ಣುಗಣದ ಎಡೆಯಲ್ಲಿ ಅದು ಎರಡು ಪದ್ಧತಿಗಳಿಂದಲೂ ಅಚ್ಚುಕಟ್ಟಾಗಿ ಕೂಡುತ್ತದೆ. ಹೀಗೆ ಕೊನೆಯ ಗಣವು ಮೊದಲೇ ನಿಶ್ಚಿತವಾದುದರಿಂದ ಕವಿಗೆ ಮೂರನೆಯ ಪಾದದಲ್ಲಿ ಉಳಿದುದು ಎರಡೇ ಗಣ, ಎಂಟೇ ಮಾತ್ರೆ. ಅಷ್ಟರಲ್ಲಿಯೇ ನೀತಿಯ ತಿರುಳನ್ನು ಹೇಳಬೇಕಾದ ಈ ಇಕ್ಕಟ್ಟು ಅವನ ಮಾತಿನ ಚುರುಕಿಗೆ ಒಂದು ಮುಖ್ಯ ಕಾರಣ. ಉತ್ತಂಗಿ ಚನ್ನಪ್ಪನವರು ೧೯೨೪ರಲ್ಲಿ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಮೇಲೆ ಈ ವೈಶಿಷ್ಟ್ಯವನ್ನು ಪರಿಶೀಲಿಸುವ ಅವಕಾಶವು ಎಲ್ಲರಿಗೂ ದೊರೆಯಿತು.

ಮೂರನೆಯದು ಮತ್ತು ಅತ್ಯಂತ ಮುಖ್ಯವಾದುದು ಹಾಡಿನ ಪುನರುಕ್ತಿ. ಕಾಗದದ ಮೇಲೆ ತ್ರಿಪದಿಗೆ ಮೂರು ಪಾದ, ಕಂಠದಲ್ಲಿ ನಾಲ್ಕು. ಹಾಡುವವರು ಮೊದಲ ಪಾದವನ್ನು ಹಾಡಿ, ಎರಡನೆಯ ಪಾದವನ್ನು ಏಳನೆಯ ಗಣದವರೆಗೆ ಮಾತ್ರ ಹಾಡಿ ನಿಲ್ಲಿಸುತ್ತಾರೆ. ಬಳಿಕ ಅದೇ ಪಾದವನ್ನು ಮೊದಲಿನಿಂದ ಎತ್ತಿಕೊಂಡು ಎಂಟನೆಯ ಗಣವನ್ನೂ ಸೇರಿಸಿ ಪೂರ್ಣಗೊಳಿಸುತ್ತಾರೆ. ಅನಂತರ ಮೂರನೆಯ ಪಾದ. ಪ್ರದೇಶಭೇದದಿಂದ ಮಟ್ಟುಗಳಲ್ಲಿ ವ್ಯತ್ಯಾಸಗಳುಂಟಾದರೂ ಪ್ರಸಿದ್ಧವಾದ ಕ್ರಮವು ಇದು. ಮೇಲಿನ ಪದ್ಯವು ಹಾಡಿನಲ್ಲಿ ಹೀಗಾಗುತ್ತದೆ:

ಕೆರೆತುಂಬಿ ಹರಿವಾಗ ಹೊರೆಯಿಳಿಸಿ ಕುಳಿತವನು
ಮರೆತಾನೆ ಕೆರೆಯ ತೋಡಿದ
ಮರೆತಾನೆ ಕೆರೆಯ ತೋಡಿದ ಕೈಗಳನು
ಹರನಿಹನು ಅಲ್ಲಿ ಬೆವರಾಗಿ

ಈಗ ಗಣಗಳನ್ನು ಎಣಿಸಬೇಕು. ನಾಲ್ಕು, ಮೂರು, ನಾಲ್ಕು, ಮೂರು. ಕಾಗದದ ಹನ್ನೊಂದು ಗಣಗಳು ಕಂಠದಲ್ಲಿ ಹದಿನಾಲ್ಕಾದುವು. ವಿಷಮವಾಗಿದ್ದ ಪದ್ಯವು ಏಳು ಏಳು ಗಣಗಳ ಎರಡು ಸಮಾರ್ಧಗಳಾಯಿತು. ಅಷ್ಟೇ ಅಲ್ಲ, ಮೂರು ಗಣಗಳ ಎರಡು ಪಾದಗಳೂ ವಿಷ್ಣು, ಬ್ರಹ್ಮ, ವಿಷ್ಣು ಎಂಬ ಒಂದೇ ವಿನ್ಯಾಸವನ್ನು ಪಡೆದುವು. ಹಾಡಿನ ಎರಡನೆಯ ಪಾದವೂ ನಾಲ್ಕನೆಯ ಪಾದವೂ ಅವಳಿಗಳಾದುವು. ಬ್ರಹ್ಮಗಣವು ಆರನೆಯ ಮತ್ತು ಹತ್ತನೆಯ ಎಡೆಗಳಲ್ಲಿಯೇ ಏಕೆ ಬರಬೇಕೆಂಬ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ದೊರೆಯದು, ಹಾಡಿದೊಡನೆ ದೊರೆಯುತ್ತದೆ. ಪುನರುಕ್ತಿಯನ್ನು ಎಣಿಕೆಗೆ ತೆಗೆದುಕೊಂಡರೆ ಬ್ರಹ್ಮಗಣವು ಮೊದಲ ಪಾದವನ್ನುಳಿದು ಪ್ರತಿ ಪಾದದ ಎರಡನೆಯ ಎಡೆಯಲ್ಲಿ ತಪ್ಪದೆ ಬರುತ್ತದೆ.

ಅರ್ಥದ ದೃಷ್ಟಿಯಿಂದಲೂ ಈ ಪುನರುಕ್ತಿಯು ಬಹಳ ಬೆಲೆಯುಳ್ಳದ್ದು. ಏಳನೆಯ ಗಣದಲ್ಲಿ ಹಾಡು ನಿಂತಾಗ ವಾಕ್ಯವು ಅಪೂರ್ಣವಾಗಿರುತ್ತದೆ. ಕೆರೆಯನ್ನು ತೋಡಿದ ಏನನ್ನು ಮರೆತಾನು? ಕೇಳುವವನ ಮನಸ್ಸು ಆ ಒಂದು ಗಣಕ್ಕಾಗಿ ಕಾಯುತ್ತದೆ. ಪಾದವು ಮರಳಿ ಆರಂಭವಾಗಿ ಕೊನೆಗೆ ‘ಕೈಗಳನು’ ಎಂಬುದು ಬಂದಾಗ ಆ ಕಾಯುವಿಕೆಗೆ ಫಲ ದೊರೆಯುತ್ತದೆ. ಒಂದು ಪದವನ್ನು ತಡೆಹಿಡಿದು ಕೊಡುವುದರಿಂದ ಅದು ಮನಸ್ಸಿನಲ್ಲಿ ಬೇರೂರುವುದು. ಬೀಸುವ ಕಲ್ಲಿನ ಮುಂದೆ ಇಬ್ಬರು ಕುಳಿತಾಗ ಒಬ್ಬಾಕೆ ಹಾಡಿದುದನ್ನು ಇನ್ನೊಬ್ಬಾಕೆ ಎತ್ತಿಕೊಳ್ಳಲು ಇದೇ ಎಡೆಯು ಅನುಕೂಲ. ಅಕ್ಷರವನ್ನು ಅರಿಯದವರೂ ನೂರಾರು ತ್ರಿಪದಿಗಳನ್ನು ಕಂಠದಲ್ಲಿ ಇರಿಸಿಕೊಂಡಿದ್ದುದರ ಗುಟ್ಟು ಇದರಲ್ಲಿದೆ.

ಶರಣರು ತ್ರಿವಿಧಿಯನ್ನು ಆರಿಸಿಕೊಂಡುದೇಕೆಂಬ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಯೋಗಾಂಗದಂತಹ ಗಹನವಾದ ವಿಷಯವನ್ನು ಒಮ್ಮೆ ಕೇಳಿ ತಿಳಿಯಲಾಗದು, ಮತ್ತೆ ಕೇಳಬೇಕು. ಮತ್ತೆ ಕೇಳಿಸುವ ವ್ಯವಸ್ಥೆಯನ್ನು ತನ್ನ ಒಡಲಲ್ಲಿಯೇ ಇರಿಸಿಕೊಂಡ ಪದ್ಯಜಾತಿ ತ್ರಿಪದಿ. ರಾಗಿ ಬೀಸುವ ಕಾಯಕ ಮಾಡುತ್ತಲೇ ಅನುಭಾವವನ್ನು ಮೆಲುಕುಹಾಕಲು ಅವಕಾಶ ಕೊಡುವ ಈ ಮಟ್ಟು ಶರಣಧರ್ಮದ ಸ್ವಭಾವಕ್ಕೆ ಸಹಜವಾಗಿ ಹೊಂದಿಕೊಂಡಿತು.

೪. ಪಾಠಪರಿಷ್ಕರಣದ ಪ್ರಶ್ನೆ

ಮೇಲಿನ ವಿಚಾರವು ಕೇವಲ ಶಾಸ್ತ್ರಕುತೂಹಲದ್ದಲ್ಲ. ಓಲೆಗರಿಯ ತ್ರಿವಿಧಿಯನ್ನು ಮುದ್ರಣಕ್ಕೆ ಸಿದ್ಧಪಡಿಸುವವರು ಹದಿನೆಂಟು ಮಾತ್ರೆಗಳ ಅಳತೆಗೋಲನ್ನು ಹಿಡಿದು ಕುಳಿತರೆ ‘ತೋಡಿದ’ ಎಂಬಲ್ಲಿ ಒಂದು ಮಾತ್ರೆ ಕಡಿಮೆಯೆಂದು ಕಾಣುತ್ತದೆ. ಆಗ ಲಿಪಿಕಾರನ ಪ್ರಮಾದವೆಂದು ಬಗೆದು ‘ತೋಡಿರುವ’ ಎಂದು ತಿದ್ದುವ ಆಸೆ ಸಹಜ. ಮಾತ್ರೆ ಐದಾಯಿತು, ಆದರೆ ಪದ್ಯವು ಕೆಟ್ಟಿತು. ‘ತೋಡಿದ’ ಎಂಬುದು ಎಂದೋ ಮುಗಿದ ಕೆಲಸವನ್ನು, ತಮ್ಮ ಹೆಸರನ್ನೂ ಉಳಿಸದೆ ಸಂದುಹೋದ ಕೈಗಳನ್ನು ಸೂಚಿಸುತ್ತದೆ. ‘ತೋಡಿರುವ’ ಎಂದಾಗ ಆ ಕೈಗಳು ಈಚಿನವಾಗಿ, ಮರೆಯುವ ಪ್ರಶ್ನೆಯೇ ದುರ್ಬಲವಾಗುತ್ತದೆ. ಇನ್ನೂ ಮುಖ್ಯವಾದುದು, ಏಳನೆಯ ಗಣವು ಹಾಡಿನಲ್ಲಿ ನಿಲುಗಡೆಯ ಎಡೆ. ಅಲ್ಲಿಯ ಕೊನೆಯ ಅಕ್ಷರವನ್ನು ಎಳೆದು ಹಾಡುವುದರಿಂದ ಕಡಿಮೆಯಾದ ಮಾತ್ರೆಯು ತಾನಾಗಿ ತುಂಬುತ್ತದೆ. ಕೊರತೆಯೆಂದು ತೋರಿದುದು ವಾಸ್ತವವಾಗಿ ದನಿಗೆ ಬಿಟ್ಟ ಜಾಗ.

ಇದೇ ರೀತಿ ವ್ಯಾಕರಣದ ಕಡೆಯಿಂದಲೂ ತಿದ್ದುಪಡಿ ಬರಬಹುದು. ‘ಹರನಿಹನು ಅಲ್ಲಿ’ ಎಂಬಲ್ಲಿ ಸಂಧಿಯಾಗಿಲ್ಲವೆಂದು ‘ಹರನಿಹನಲ್ಲಿ’ ಎಂದು ಕೂಡಿಸಬಹುದು. ಅಂಶದ ಲೆಕ್ಕದಲ್ಲಿ ಗಣಗಳು ಆಗಲೂ ಉಳಿಯುತ್ತವೆ. ಆದರೆ ಬ್ರಹ್ಮಗಣದ ಮುಂಚೆ ಇದ್ದ ಬಿಡುವು ಅಳಿಸಿಹೋಗಿ, ‘ಅಲ್ಲಿ’ ಎಂಬ ಮಾತು ಬೆರಳಿಟ್ಟು ತೋರಿಸುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹರನು ಎಲ್ಲಿರುವನೆಂಬುದೇ ಪದ್ಯದ ಜೀವಾಳವಾಗಿರುವಾಗ ಈ ನಷ್ಟವು ಅಲ್ಪವಲ್ಲ.

ಜಾನಪದ ಸಂಗ್ರಾಹಕರು ಈ ವಿಷಯದಲ್ಲಿ ದಾರಿ ತೋರಿಸಿದ್ದಾರೆ. ೧೯೩೧ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಕಲನವನ್ನು ಹೊರತಂದಾಗ ತ್ರಿಪದಿಯು ಹೆಣ್ಣುಮಕ್ಕಳ ಕಂಠದಲ್ಲಿ ಇನ್ನೂ ಜೀವಂತವಾಗಿತ್ತು. ಹಾಡಿನಲ್ಲಿ ಎಳೆಯುವ ಅಕ್ಷರದ ಮುಂದೆ ಅವಗ್ರಹಚಿಹ್ನೆಯನ್ನು ಇಡುವ ಪದ್ಧತಿಯು ಜಾನಪದ ಸಂಗ್ರಹಗಳಲ್ಲಿ ಬಳಕೆಗೆ ಬಂದಿದೆ. ಅಲ್ಲಿ ಮಾತ್ರೆ ಕಡಿಮೆಯಾದರೆ ಅಕ್ಷರವನ್ನು ಸೇರಿಸುವುದಿಲ್ಲ. ದನಿ ಎಲ್ಲಿ ಬೆಳೆಯಿತೆಂಬುದನ್ನು ಗುರುತಿಸುತ್ತಾರೆ. ಶರಣರ ತ್ರಿವಿಧಿಗಳಿಗೂ ಇದೇ ಗೌರವವು ಸಲ್ಲಬೇಕು. ಒಂದು ಗಣವು ಮಾತ್ರೆಯಲ್ಲಿ ಕುಗ್ಗಿದ್ದರೆ ಮೊದಲು ಅಂಶದ ಲೆಕ್ಕವನ್ನು ನೋಡಬೇಕು. ಬಳಿಕ ಆ ಪಾದವನ್ನು ಪುನರುಕ್ತಿಯೊಡನೆ ಹಾಡಿ ನೋಡಬೇಕು. ಆಗಲೂ ಕುಂಟಿದರೆ ಮಾತ್ರ ಪ್ರತ್ಯಂತರಗಳ ಸಹಾಯದಿಂದ ತಿದ್ದಲು ಯೋಚಿಸಬೇಕು.

ಹೊರಕೆರೆದೇವಪುರದಂತಹ ಊರುಗಳಲ್ಲಿಯೂ ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತು. ಕೈಯ ದಣಿವು ತಪ್ಪಿದುದು ಒಳ್ಳೆಯದೇ ಆಯಿತು. ಆದರೆ ತ್ರಿಪದಿಯ ನಾಲ್ಕನೆಯ ಪಾದವು ಯಾವ ಓಲೆಯಲ್ಲಿಯೂ ಬರೆದಿಡಲ್ಪಟ್ಟಿರಲಿಲ್ಲ; ಆ ಕಲ್ಲಿನ ಸುತ್ತಿನಲ್ಲಿ, ಬೀಸುವವರ ಉಸಿರಿನಲ್ಲ್ಲಿ ಉಳಿದುಬಂದಿತ್ತು. ಆ ಮಟ್ಟನ್ನು ಬಲ್ಲ ಹಿರಿಯ ತಾಯಂದಿರು ಈಗಲೂ ಕೆಲವು ಮನೆಗಳಲ್ಲಿ ಇದ್ದಾರೆ. ಶಾಲೆಗಳಲ್ಲಿ ಮಕ್ಕಳು ಗುರುಲಘುಗಳ ಗೆರೆ ಎಳೆಯುವ ಮುನ್ನ ಒಂದು ತ್ರಿವಿಧಿಯನ್ನು ಅಂಥವರ ಬಾಯಿಂದ ಒಮ್ಮೆ ಕೇಳಿದರೆ, ಆರನೆಯ ಗಣವು ಏಕೆ ಚಿಕ್ಕದೆಂಬುದನ್ನು ಯಾರೂ ಅವರಿಗೆ ಬೇರೆಯಾಗಿ ವಿವರಿಸಬೇಕಾಗಿಲ್ಲ.